ದೊಡ್ಡ ಕಿಡ್ನಿ ಕಲ್ಲಿಗೆ ಪಿಸಿಎನ್‌ಎಲ್: ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದ ದಿನದಿಂದ ಸ್ಟೆಂಟ್ ತೆಗೆಸುವ ತನಕ

ಸ್ಕ್ಯಾನ್ ರಿಪೋರ್ಟಿನಲ್ಲಿ 22 ಮಿ.ಮೀ. ಕಲ್ಲು ಅಂತ ಬಂದರೆ ಸಾಕು, ಮನೆಯಲ್ಲಿ ಎರಡು ಥರದ ಮಾತು ಶುರುವಾಗುತ್ತದೆ. ಬಾಳೆದಿಂಡಿನ ರಸ ಕುಡಿದರೆ ಕರಗಿ ಹೋಗುತ್ತದೆ ಅನ್ನುವವರು ಒಂದು ಕಡೆ. ಪಕ್ಕೆ ಉದ್ದಕ್ಕೂ ಕೊಯ್ದು ತೆಗೆಯಬೇಕಂತೆ ಅಂತ ಹೆದರಿಸುವವರು ಇನ್ನೊಂದು ಕಡೆ. ಎರಡನ್ನೂ ನಂಬಬೇಡಿ. ಕಿಡ್ನಿಯೊಳಗಿನ ಕಲ್ಲು 2 ಸೆಂ.ಮೀ. ದಾಟಿದ್ದರೆ ಇವತ್ತು ಯೂರಾಲಜಿ ಡಾಕ್ಟರುಗಳು ಸಾಮಾನ್ಯವಾಗಿ ಮೊದಲು ಹೇಳುವುದು ಪಿಸಿಎನ್‌ಎಲ್. ಪೂರ್ತಿ ಹೆಸರು ಪರ್ಕ್ಯುಟೇನಿಯಸ್ ನೆಫ್ರೊಲಿಥಾಟಮಿ. ಬೆನ್ನಿನ ಪಕ್ಕದಲ್ಲಿ ಸುಮಾರು 1 ಸೆಂ.ಮೀ. ಅಥವಾ ಅದಕ್ಕಿಂತ ಚಿಕ್ಕ ರಂಧ್ರ ಮಾಡಿ, ಅದರೊಳಗಿಂದ ದುರ್ಬೀನು ಹಾಕಿ, ಕಲ್ಲನ್ನು ಒಡೆದು ಹೊರಗೆ ತೆಗೆಯುತ್ತಾರೆ.

ಥಿಯೇಟರ್ ಒಳಗಿನ ಒಂದೆರಡು ಗಂಟೆ ಡಾಕ್ಟರ ಕೆಲಸ. ಅದರ ಹಿಂದಿನ ಎರಡು ವಾರ ಮತ್ತು ಮುಂದಿನ ಒಂದೂವರೆ ತಿಂಗಳು ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ತಪ್ಪಿಸಬಹುದಾದ ಎಷ್ಟೋ ತೊಂದರೆ ಹುಟ್ಟುವುದು ಅಲ್ಲೇ. ಮೂತ್ರದ ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಮಾಡಿಸದೆ ಹೋಗುವುದು, ರಕ್ತ ತೆಳು ಮಾಡುವ ಮಾತ್ರೆಯ ವಿಷಯ ಹೇಳದೆ ಇರುವುದು, ಒಳಗೆ ಸ್ಟೆಂಟ್ (ಮೂತ್ರನಾಳದಲ್ಲಿ ಇಟ್ಟ ತೆಳು ಕೊಳವೆ) ಇದೆ ಅನ್ನುವುದನ್ನೇ ಮರೆಯುವುದು. ಹಾಗಾಗಿ ಈ ಲೇಖನದಲ್ಲಿ ಆ ಭಾಗಗಳಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹೆಜ್ಜೆ 1: ನೋವಿಲ್ಲ ಅಂತ ಸುಮ್ನೆ ಕೂರಬೇಡಿ

ಚಿಕ್ಕ ಕಲ್ಲು ಮೂತ್ರನಾಳಕ್ಕೆ ಜಾರಿ ಅಲ್ಲಿ ಸಿಕ್ಕಿಕೊಂಡಾಗ ಪ್ರಾಣ ಹೋಗುವಂಥ ನೋವು ಬರುತ್ತದೆ. ದೊಡ್ಡ ಕಲ್ಲು ಹಾಗಲ್ಲ. ಕಿಡ್ನಿಯ ಒಳಗೇ ಕೂತು ಬೆಳೆಯುತ್ತದೆ, ಸದ್ದು ಮಾಡುವುದಿಲ್ಲ. ಆಗಾಗ ಸೊಂಟ ಹಿಡಿದ ಹಾಗೆ ಆಗಬಹುದು, ಮತ್ತೆ ಮತ್ತೆ ಉರಿಮೂತ್ರ ಬರಬಹುದು, ಅಷ್ಟೇ. ಕಿಡ್ನಿಯ ಕವಲುಗಳಲ್ಲೆಲ್ಲ ಹರಡಿಕೊಂಡು ಜಿಂಕೆಯ ಕೊಂಬಿನ ಆಕಾರಕ್ಕೆ ಬೆಳೆದ ಕಲ್ಲನ್ನು ಸ್ಟಾಗ್‌ಹಾರ್ನ್ ಕಲ್ಲು ಅನ್ನುತ್ತಾರೆ. ಇಂಥವು ಎಷ್ಟೋ ಸಲ ಪ್ರೋಟಿಯಸ್‌ನಂಥ ಬ್ಯಾಕ್ಟೀರಿಯಾದ ಸೋಂಕಿನಿಂದ ಆಗುತ್ತವೆ. ಹಾಗೇ ಬಿಟ್ಟರೆ ಆ ಕಿಡ್ನಿ ನಿಧಾನವಾಗಿ ಹಾಳಾಗುತ್ತದೆ.

ಇಲ್ಲಿ ಬಹಳ ಜನ ಮೋಸ ಹೋಗುವುದು ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ಅಳೆಯುವ ರಕ್ತ ಪರೀಕ್ಷೆ) ರಿಪೋರ್ಟ್ ನೋಡಿ. ಕ್ರಿಯಾಟಿನಿನ್ ನಾರ್ಮಲ್ ಇದೆ, ಹಾಗಾದರೆ ಕಿಡ್ನಿ ಚೆನ್ನಾಗಿದೆ ಅಲ್ವಾ ಅಂತ ಕೇಳುತ್ತಾರೆ. ಇನ್ನೊಂದು ಕಿಡ್ನಿ ಗಟ್ಟಿಯಾಗಿದ್ದರೆ, ಕಲ್ಲಿರುವ ಕಿಡ್ನಿ ಬಹುಪಾಲು ಕೆಟ್ಟಿದ್ದರೂ ಕ್ರಿಯಾಟಿನಿನ್ ನಾರ್ಮಲ್ ತೋರಿಸಬಹುದು. ಕಿಡ್ನಿ ಊದಿಕೊಂಡಿದೆ, ಅದರ ಗೋಡೆ ತೆಳುವಾಗಿದೆ ಅಂತ ಸ್ಕ್ಯಾನಿನಲ್ಲಿ ಬರೆದಿದ್ದರೆ, ಡಿಟಿಪಿಎ ಅಥವಾ ಡಿಎಂಎಸ್ಎ ಎಂಬ ರೀನಲ್ ಸ್ಕ್ಯಾನ್ ಬೇಕಾ ಅಂತ ಕೇಳಿ. ಯಾವ ಕಿಡ್ನಿ ಎಷ್ಟು ಪಾಲು ಕೆಲಸ ಮಾಡುತ್ತಿದೆ ಅನ್ನುವುದು ಅದರಲ್ಲಿ ಬೇರೆ ಬೇರೆಯಾಗಿ ಗೊತ್ತಾಗುತ್ತದೆ.

ಬಾಳೆದಿಂಡು, ಹುರುಳಿ ಕಟ್ಟು, ಎಳನೀರು ಇವುಗಳ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ದ್ರವ ಜಾಸ್ತಿ ಹೋದರೆ ಮೂತ್ರ ಜಾಸ್ತಿ ಬರುತ್ತದೆ, 4 ಮಿ.ಮೀ.ನ ಕಲ್ಲು ತಾನಾಗಿ ಹೊರಗೆ ಹೋಗಲೂಬಹುದು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು 2 ಸೆಂ.ಮೀ. ಬೆಳೆದ ಮೇಲೆ ಯಾವ ರಸಕ್ಕೂ ಕರಗುವುದಿಲ್ಲ. ಬಿಯರ್ ಕುಡಿಯಿರಿ ಅನ್ನುವ ಸಲಹೆಯನ್ನಂತೂ ಕಿವಿಗೆ ಹಾಕಿಕೊಳ್ಳಬೇಡಿ. ಔಷಧಿಗೆ ನಿಜವಾಗಿ ಕರಗಬಲ್ಲದ್ದು ಮುಖ್ಯವಾಗಿ ಯೂರಿಕ್ ಆಸಿಡ್ ಕಲ್ಲು. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರದ ಆಮ್ಲತೆ ಇಳಿಸಿದರೆ ಅದು ಕರಗಬಹುದು. ನಿಮ್ಮದು ಆ ಜಾತಿಯದಾ ಅಂತ ಡಾಕ್ಟರನ್ನು ಒಮ್ಮೆ ಕೇಳುವುದರಲ್ಲಿ ತಪ್ಪಿಲ್ಲ. ಆಪರೇಷನ್ನೇ ತಪ್ಪಬಹುದು.

ಹೆಜ್ಜೆ 2: ಯಾವ ಆಪರೇಷನ್, ಯಾಕೆ ಅಂತ ಕೇಳಿ

ಅಲ್ಟ್ರಾಸೌಂಡ್ ಒಂದನ್ನೇ ನಂಬಿ ದೊಡ್ಡ ಕಲ್ಲಿನ ಆಪರೇಷನ್ ನಿರ್ಧಾರ ಮಾಡುವುದು ಕಡಿಮೆ. ಸಿಟಿ ಕೆಯುಬಿ, ಅಂದರೆ ಕಿಡ್ನಿ, ಮೂತ್ರನಾಳ, ಮೂತ್ರಕೋಶದ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಸಾಮಾನ್ಯವಾಗಿ ಇದಕ್ಕೆ ಡೈ ಇಂಜೆಕ್ಷನ್ ಬೇಡ. ಅದರಲ್ಲಿ ಕಲ್ಲಿನ ಅಳತೆ, ಅದು ಕೂತಿರುವ ಕವಲು, ಚರ್ಮದಿಂದ ಎಷ್ಟು ಆಳ, ಸುತ್ತ ಕರುಳು, ಶ್ವಾಸಕೋಶ ಎಲ್ಲಿವೆ ಅನ್ನುವುದೆಲ್ಲ ಸಿಗುತ್ತದೆ. ಎಚ್‌ಯು ಅಂತ ಒಂದು ಅಂಕಿ ಇರುತ್ತದೆ. ಅದು ಹೌನ್ಸ್‌ಫೀಲ್ಡ್ ಯೂನಿಟ್, ಕಲ್ಲು ಎಷ್ಟು ಸಾಂದ್ರ ಅನ್ನುವುದರ ಲೆಕ್ಕ. 1000 ದಾಟಿದ್ದರೆ ಗಟ್ಟಿ ಕಲ್ಲು ಅಂತ ತಿಳಿಯಿರಿ. ಹೊರಗಿನಿಂದ ಅಲೆ ಹಾಯಿಸಿ ಒಡೆಯುವ ಇಎಸ್‌ಡಬ್ಲ್ಯುಎಲ್‌ಗೆ ಅದು ಸುಲಭವಾಗಿ ಬಗ್ಗುವುದಿಲ್ಲ.

ಇನ್ನೊಂದು ಆಯ್ಕೆ ಆರ್‌ಐಆರ್‌ಎಸ್. ಮೂತ್ರ ಹೋಗುವ ದಾರಿಯಿಂದಲೇ ಬಗ್ಗುವ ಸಣ್ಣ ದುರ್ಬೀನು ಕಿಡ್ನಿಯ ತನಕ ಏರುತ್ತದೆ, ಲೇಸರಿನಿಂದ ಕಲ್ಲು ಪುಡಿಯಾಗುತ್ತದೆ. ಮೈಮೇಲೆ ರಂಧ್ರವೇ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ 2 ಸೆಂ.ಮೀ. ದಾಟಿದ ಕಲ್ಲಿಗೆ ಎರಡು ಮೂರು ಸಲ ಅರಿವಳಿಕೆ ಕೊಟ್ಟು ಮಾಡಬೇಕಾಗಿ ಬರಬಹುದು. ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಲಾಗದ ಹೃದ್ರೋಗಿಗೆ ಅದೇ ಒಳ್ಳೆಯ ದಾರಿ ಆಗಲೂಬಹುದು. ಸ್ಟಾಗ್‌ಹಾರ್ನ್ ಕಲ್ಲಿದ್ದು ಉಳಿದೆಲ್ಲ ಆರೋಗ್ಯ ಚೆನ್ನಾಗಿರುವವರಿಗೆ ಪಿಸಿಎನ್‌ಎಲ್ ಒಂದೇ ಸಲಕ್ಕೆ ಜಾಸ್ತಿ ಕಲ್ಲು ತೆಗೆದುಬಿಡುತ್ತದೆ.

"ನಮ್ಮದು ಲೇಸರ್ ಆಪರೇಷನ್" ಅಂತ ಬೋರ್ಡ್ ಹಾಕಿರುವುದನ್ನು ನೋಡಿ ಮರುಳಾಗಬೇಡಿ. ಲೇಸರ್ ಕಲ್ಲು ಒಡೆಯುವ ಒಂದು ಸಾಧನ, ಪಿಸಿಎನ್‌ಎಲ್‌ನಲ್ಲೂ ಅದನ್ನೇ ಬಳಸಬಹುದು. ಕೇಳಬೇಕಾದ್ದು ದಾರಿ ಯಾವುದು ಅಂತ: ಬೆನ್ನಿನಿಂದಲೋ, ಮೂತ್ರದ ದಾರಿಯಿಂದಲೋ.

ರಂಧ್ರದ ಗಾತ್ರವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 3 ಫ್ರೆಂಚ್ ಅಂದರೆ 1 ಮಿ.ಮೀ. ಮಾಮೂಲಿ ಪಿಸಿಎನ್‌ಎಲ್‌ನಲ್ಲಿ 24ರಿಂದ 30 ಫ್ರೆಂಚ್, ಅಂದರೆ 8ರಿಂದ 10 ಮಿ.ಮೀ. ಮಿನಿ ಪಿಸಿಎನ್‌ಎಲ್‌ನಲ್ಲಿ ಸುಮಾರು 14ರಿಂದ 20 ಫ್ರೆಂಚ್. ಗುಜರಾತಿನ ನಡಿಯಾದ್‌ನ ಮುಲ್ಜಿಭಾಯ್ ಪಟೇಲ್ ಯೂರಾಲಜಿಕಲ್ ಆಸ್ಪತ್ರೆಯ ಡಾ. ಮಹೇಶ್ ದೇಸಾಯಿ ಮತ್ತು ಜೊತೆಗಾರರು 2011ರಲ್ಲಿ 4.85 ಫ್ರೆಂಚ್‌ನ, ಅಂದರೆ 1.6 ಮಿ.ಮೀ.ನ ಮೈಕ್ರೋ ವಿಧಾನದ ಮೊದಲ ವರದಿ ಪ್ರಕಟಿಸಿದರು. ಭಾರತದ ಯೂರಾಲಜಿ ಈ ವಿಷಯದಲ್ಲಿ ಯಾರಿಗೂ ಹಿಂದಿಲ್ಲ. ಹಾಗಂತ ರಂಧ್ರ ಚಿಕ್ಕದಾದಷ್ಟೂ ಒಳ್ಳೆಯದು ಅಂತಲ್ಲ. ಮೈಕ್ರೋ ವಿಧಾನ ಚಿಕ್ಕ ಕಲ್ಲುಗಳಿಗೆ. ಮಿನಿ ದಾರಿಯಲ್ಲಿ ರಕ್ತ ಕಡಿಮೆ ಹೋಗುತ್ತದೆ, ಆದರೆ ದೊಡ್ಡ ಕಲ್ಲನ್ನು ತುಂಬಾ ಚಿಕ್ಕದಾಗಿ ಒಡೆಯಬೇಕಾದ್ದರಿಂದ ಸಮಯ ಹಿಡಿಯುತ್ತದೆ. ನಿಮ್ಮ ಕಲ್ಲಿಗೆ ಯಾವುದು ಹೊಂದುತ್ತದೆ ಅನ್ನುವುದನ್ನು ಆ ಸರ್ಜನ್ ಕೈಗೆ ಯಾವುದು ಪಳಗಿದೆ ಅನ್ನುವುದರ ಜೊತೆಗೇ ನೋಡಬೇಕು. ತಿಂಗಳಿಗೆ ಎಷ್ಟು ಪಿಸಿಎನ್‌ಎಲ್ ಮಾಡುತ್ತೀರಿ ಸಾರ್ ಅಂತ ಕೇಳಲು ಸಂಕೋಚ ಬೇಡ.

ಹೆಜ್ಜೆ 3: ಅಡ್ಮಿಟ್ ಆಗುವ ಮುಂಚಿನ ಎರಡು ವಾರ

ಎಲ್ಲಕ್ಕಿಂತ ಮುಖ್ಯ, ಮೂತ್ರದ ಕಲ್ಚರ್. ರೊಟೀನ್ ಯೂರಿನ್ ಪರೀಕ್ಷೆ ಬೇರೆ, ಇದು ಬೇರೆ. ಫಲಿತಾಂಶಕ್ಕೆ 2–3 ದಿನ ಬೇಕು. ಬ್ಯಾಕ್ಟೀರಿಯಾ ಬೆಳೆದರೆ, ಅದಕ್ಕೆ ತಾಗುವ ಆಂಟಿಬಯೋಟಿಕ್ ಮೊದಲು ಕೊಟ್ಟು, ಸೋಂಕು ಹತೋಟಿಗೆ ಬಂದ ಮೇಲೆಯೇ ಆಪರೇಷನ್. ಕಲ್ಲು ಒಡೆಯುವಾಗ ಅದರೊಳಗೆ ಅಡಗಿದ್ದ ಬ್ಯಾಕ್ಟೀರಿಯಾ ಹೊರಗೆ ಬರುತ್ತವೆ, ಒಳಗೆ ನೀರಿನ ಒತ್ತಡವೂ ಇರುತ್ತದೆ. ಅವು ರಕ್ತಕ್ಕೆ ಸೇರಿದರೆ ಸೆಪ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ಸೋಂಕು, ಆಗಬಹುದು, ಈ ಆಪರೇಷನ್ನಿನಲ್ಲಿ ಡಾಕ್ಟರುಗಳು ತುಂಬಾ ಹೆದರುವ ತೊಂದರೆ ಅದು. ಆದ್ದರಿಂದ ಕಲ್ಚರ್ ಬಂದಿಲ್ಲ, ಒಂದು ವಾರ ಮುಂದಕ್ಕೆ ಹಾಕೋಣ ಅಂದರೆ ಬೇಸರ ಮಾಡಿಕೊಳ್ಳಬೇಡಿ. ರಜೆ ಹಾಕಿದ್ದೇನೆ, ಇವತ್ತೇ ಮಾಡಿಬಿಡಿ ಅಂತ ಒತ್ತಾಯ ಮಾಡಬೇಡಿ.

ಎರಡನೆಯದು ಮಾತ್ರೆಗಳು. ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನು ಒಂದು ಕವರಿಗೆ ಹಾಕಿಕೊಂಡು ಹೋಗಿ. ಬಾಯಲ್ಲಿ "ಬಿಪಿ ಮಾತ್ರೆ, ಹಾರ್ಟ್ ಮಾತ್ರೆ" ಅಂದರೆ ಏನೂ ಗೊತ್ತಾಗುವುದಿಲ್ಲ. ಕ್ಲೊಪಿಡೊಗ್ರೆಲ್ ಅನ್ನು ಸಾಮಾನ್ಯವಾಗಿ 5–7 ದಿನ ಮುಂಚೆ ನಿಲ್ಲಿಸುತ್ತಾರೆ. ಆಸ್ಪಿರಿನ್ ಕೆಲವರಿಗೆ ನಿಲ್ಲಿಸುತ್ತಾರೆ, ಕೆಲವರಿಗೆ ಮುಂದುವರಿಸುತ್ತಾರೆ. ವಾರ್ಫರಿನ್, ಅಪಿಕ್ಸಬಾನ್ ಥರದವುಗಳಿಗೆ ಬೇರೆ ಲೆಕ್ಕ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರೆ ನೀವಾಗಿ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ. ಹೃದ್ರೋಗ ತಜ್ಞರು ಮತ್ತು ಯೂರಾಲಜಿಸ್ಟ್ ಇಬ್ಬರೂ ಸೇರಿ ಹೇಳಬೇಕು, ಅದೂ ಬರವಣಿಗೆಯಲ್ಲಿ. ಫಿಶ್ ಆಯಿಲ್, ಬೆಳ್ಳುಳ್ಳಿ ಕ್ಯಾಪ್ಸೂಲ್, ನಾಟಿ ಔಷಧಿ ಏನೇ ಇದ್ದರೂ ಹೇಳಿ. ಮುಚ್ಚಿಡುವುದರಿಂದ ನಷ್ಟ ನಿಮಗೇ.

ಶುಗರ್ ಇರುವವರು ಇದೊಂದನ್ನು ನೆನಪಿಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಈಗ ತುಂಬಾ ಬಳಕೆಯಲ್ಲಿವೆ. ಬೇರೆ ಮಾತ್ರೆಯ ಜೊತೆ ಸೇರಿಸಿದ ಸ್ಟ್ರಿಪ್‌ಗಳಲ್ಲೂ ಇರುತ್ತವೆ. ಇವನ್ನು ಆಪರೇಷನ್ನಿಗೆ ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಉಪವಾಸದಲ್ಲಿ, ಸಕ್ಕರೆ ಅಷ್ಟೇನೂ ಏರದಿದ್ದರೂ, ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ಅಲ್ಲಿಯ ತನಕ ಬದಲಿ ಏನು ಅಂತ ನಿಮ್ಮ ಶುಗರ್ ಡಾಕ್ಟರನ್ನು ಕೇಳಿ.

ಗರ್ಭಿಣಿ ಆಗಿರುವ ಸಾಧ್ಯತೆ ಸ್ವಲ್ಪವಿದ್ದರೂ ಮೊದಲೇ ಹೇಳಿ. ಎಕ್ಸ್‌ರೇ ಬಳಸುವ ಈ ಆಪರೇಷನ್ ಗರ್ಭಿಣಿಯರಿಗೆ ಮಾಡುವುದಿಲ್ಲ. ಬೇರೆ ವ್ಯವಸ್ಥೆ ಮಾಡಿ ಹೆರಿಗೆಯ ತನಕ ಕಾಯುತ್ತಾರೆ.

ಹೆಜ್ಜೆ 4: ಖರ್ಚಿನ ಮಾತು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಇಂಥ ಮುಂಚೆಯೇ ಗೊತ್ತುಮಾಡಿದ ಆಪರೇಷನ್ನಿಗೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್ ಪತ್ರ ಕೊಡುತ್ತಾರೆ. ರೇಷನ್ ಕಾರ್ಡ್, ಆಧಾರ್ ಎರಡೂ ಜೊತೆಗಿರಲಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ನೆಫ್ರೊ ಯೂರಾಲಜಿ ಸಂಸ್ಥೆ ಈ ಕಾಯಿಲೆಗಳಿಗೆಂದೇ ಇರುವ ಸರ್ಕಾರಿ ಸ್ವಾಯತ್ತ ಸಂಸ್ಥೆ.

ಖಾಸಗಿಯಲ್ಲಿ ಮಾಡಿಸುವುದಾದರೆ ಅಂದಾಜು ಪಟ್ಟಿ ಕೇಳುವಾಗ ಹೀಗೆ ಕೇಳಿ: ಮೂತ್ರನಾಳದಲ್ಲಿ ಇಡುವ ಡಿಜೆ ಸ್ಟೆಂಟ್ ಬೆಲೆ ಇದರಲ್ಲಿ ಸೇರಿದೆಯಾ? ಸ್ಟೆಂಟ್ ತೆಗೆಯುವ ಖರ್ಚು? ಕಲ್ಲು ಉಳಿದು ಎರಡನೇ ಸಲ ಮಾಡಬೇಕಾದರೆ ಎಷ್ಟು? ರಕ್ತ ಬೇಕಾದರೆ? ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಬಿಲ್ ಕೌಂಟರಿನಲ್ಲಿ ಗಾಬರಿ ಆಗುವುದಿಲ್ಲ. ಸ್ಟೆಂಟ್ ತೆಗೆಯುವ ಖರ್ಚನ್ನು ಬೇರೆ ಇಟ್ಟಿದ್ದರೆ ಆ ಹಣ ಇವತ್ತೇ ತೆಗೆದಿಡಿ. ದುಡ್ಡಿಲ್ಲ ಅಂತ ತೆಗೆಸುವುದನ್ನು ಮುಂದೂಡುವ ಹಾಗಾಗಬಾರದು.

ಹೆಜ್ಜೆ 5: ಥಿಯೇಟರ್ ಒಳಗೆ ಏನಾಗುತ್ತದೆ

ಗೊತ್ತಿದ್ದರೆ ಹೆದರಿಕೆ ಕಡಿಮೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪೂರ್ತಿ ಅರಿವಳಿಕೆ ಕೊಡುತ್ತಾರೆ, ಕೆಲವರಿಗೆ ಬೆನ್ನುಹುರಿಯ ಇಂಜೆಕ್ಷನ್. ಮೊದಲು ಮೂತ್ರದ ದಾರಿಯಿಂದ ದುರ್ಬೀನು ಹಾಕಿ, ಕಿಡ್ನಿಯ ತನಕ ಒಂದು ಸಣ್ಣ ಕ್ಯಾತಿಟರ್ (ತೆಳು ಕೊಳವೆ) ಏರಿಸುತ್ತಾರೆ. ಆಮೇಲೆ ಬೋರಲು ಮಲಗಿಸುತ್ತಾರೆ, ಕೆಲವು ಕಡೆ ಅಂಗಾತ ಮಲಗಿಸಿಯೇ ಮಾಡುತ್ತಾರೆ. ಕ್ಯಾತಿಟರ್ ಮೂಲಕ ಡೈ ಬಿಟ್ಟಾಗ ಸಿ-ಆರ್ಮ್ ಎಕ್ಸ್‌ರೇ ಪರದೆಯಲ್ಲಿ ಕಿಡ್ನಿಯ ಕವಲುಗಳು ಎದ್ದು ಕಾಣುತ್ತವೆ.

ಈಗ ಬರುತ್ತದೆ ಇಡೀ ಆಪರೇಷನ್ನಿನ ನಾಜೂಕಾದ ಗಳಿಗೆ. ಬೆನ್ನಿನ ಪಕ್ಕದಿಂದ ಒಂದು ಸೂಜಿ ಹೋಗಿ, ಆರಿಸಿಕೊಂಡ ಕವಲಿನ ತುದಿಯನ್ನು ಸರಿಯಾಗಿ ಮುಟ್ಟಬೇಕು. ಕವಲಿನ ನಡು ತುದಿಯಲ್ಲಿ ದೊಡ್ಡ ರಕ್ತನಾಳ ಇರುವುದಿಲ್ಲ. ಪಕ್ಕಕ್ಕೆ ಸರಿದರೆ ಇರುತ್ತದೆ. ಸೂಜಿಯ ಹಿಂಬದಿಯಿಂದ ತಿಳಿಯಾಗಿ ಮೂತ್ರ ತೊಟ್ಟಿಕ್ಕಿದರೆ ಸರಿಯಾದ ಜಾಗಕ್ಕೆ ಬಿತ್ತು ಅಂತ ಲೆಕ್ಕ. ಅದರೊಳಗಿಂದ ತೆಳು ತಂತಿ, ತಂತಿಯ ಮೇಲೆ ಒಂದಾದ ಮೇಲೊಂದು ದಪ್ಪದ ಡೈಲೇಟರ್, ಕೊನೆಗೆ ಒಂದು ಟೊಳ್ಳು ಕೊಳವೆ. ಈ ಕೊಳವೆಯೊಳಗೆ ನೆಫ್ರೊಸ್ಕೋಪ್ ಎಂಬ ದುರ್ಬೀನು ಹೋಗುತ್ತದೆ. ಸಲೈನ್ ಹರಿಯುತ್ತಿರುತ್ತದೆ, ಕಲ್ಲು ಟಿವಿ ಪರದೆಯ ಮೇಲೆ ಕಾಣುತ್ತದೆ. ನ್ಯೂಮ್ಯಾಟಿಕ್, ಅಲ್ಟ್ರಾಸೋನಿಕ್ ಅಥವಾ ಲೇಸರ್ ಸಾಧನದಿಂದ ಒಡೆದು, ಚಿಮುಟದಲ್ಲಿ ಹಿಡಿದು ಹೊರಗೆ ತೆಗೆಯುತ್ತಾರೆ.

ಹೀಗೆ ಚರ್ಮದ ಮೂಲಕ ದಾರಿ ಮಾಡಿ ಕಲ್ಲು ತೆಗೆದಿದ್ದನ್ನು ಮೊದಲು ವರದಿ ಮಾಡಿದ್ದು ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಯೋಹಾನ್ಸನ್, 1976ರಲ್ಲಿ. ಅದಕ್ಕೂ ಮುಂಚೆ ದೊಡ್ಡ ಕಲ್ಲು ಅಂದರೆ ಪಕ್ಕೆ ಕೊಯ್ಯುವ ಆಪರೇಷನ್ನೇ. ಮನೆಯ ಹಿರಿಯರು ಹೆದರುವುದು ಆ ಕಾಲ ನೋಡಿದ್ದಕ್ಕೆ.

ಅಪಾಯ ಇಲ್ಲವೇ? ಇದೆ. 2007ರಿಂದ 2009ರ ತನಕ ಹಲವು ದೇಶಗಳ 96 ಕೇಂದ್ರಗಳಲ್ಲಿ 5,803 ಜನರ ಪಿಸಿಎನ್‌ಎಲ್ ಲೆಕ್ಕ ಇಟ್ಟ ಕ್ರೋಸ್ ಅಧ್ಯಯನದಲ್ಲಿ ಶೇ 75.7 ಮಂದಿಗೆ ಕಲ್ಲು ಪೂರ್ತಿ ಹೋಗಿತ್ತು. ಶೇ 10.5 ಮಂದಿಗೆ ಜ್ವರ ಬಂದಿತ್ತು, ಶೇ 5.7 ಮಂದಿಗೆ ರಕ್ತ ಕೊಡಬೇಕಾಗಿತ್ತು. ಪಕ್ಕೆಲುಬಿನ ಮೇಲಿನಿಂದ ದಾರಿ ಮಾಡಿದಾಗ ಶ್ವಾಸಕೋಶದ ಸುತ್ತ ನೀರು ತುಂಬುವುದೂ ಅಪರೂಪಕ್ಕೆ ಉಂಟು. ಸ್ಟಾಗ್‌ಹಾರ್ನ್ ಕಲ್ಲಿದ್ದರೆ ಎರಡನೇ ಸಲ ಬೇಕಾಗಬಹುದು ಅಂತ ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಕಲ್ಲು ಉಳಿದ ಮಾತ್ರಕ್ಕೆ ಆಪರೇಷನ್ ಫೇಲ್ ಆಯಿತು ಅಂತಲ್ಲ. ರಕ್ತ ಜಾಸ್ತಿ ಹೋಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ಇನ್ನೊಂದು ದಿನ ಮಾಡುವವರೇ ಒಳ್ಳೆಯ ಸರ್ಜನ್.

ಹೆಜ್ಜೆ 6: ವಾರ್ಡಿನಲ್ಲಿ

ಎಚ್ಚರ ಆದಾಗ ಮೂತ್ರಕ್ಕೆ ಒಂದು ಕ್ಯಾತಿಟರ್ ಇರುತ್ತದೆ. ಬೆನ್ನಿನಿಂದ ಇನ್ನೊಂದು ಟ್ಯೂಬ್ ಹೊರಗೆ ಬಂದಿರಬಹುದು, ಅದು ನೆಫ್ರಾಸ್ಟಮಿ. ಚೀಲದಲ್ಲಿ ಮೂತ್ರ ಕೆಂಪಗೆ ಕಂಡರೆ ಗಾಬರಿ ಬೇಡ. ದಿನ ಕಳೆದ ಹಾಗೆ ಗುಲಾಬಿ, ಆಮೇಲೆ ತಿಳಿ ಆಗಬೇಕು. ಮತ್ತೆ ಗಾಢ ಕೆಂಪಾದರೆ ಮಾತ್ರ ತಕ್ಷಣ ನರ್ಸಿಗೆ ಹೇಳಿ. ಬೆನ್ನಿನ ಟ್ಯೂಬನ್ನು ಸಾಮಾನ್ಯವಾಗಿ 1–2 ದಿನದಲ್ಲಿ ತೆಗೆಯುತ್ತಾರೆ. ಎಳೆದ ಮೇಲೆ ಆ ಜಾಗದಿಂದ ಮೂತ್ರ ಸೋರಿ ಡ್ರೆಸಿಂಗ್ ಒದ್ದೆಯಾಗುತ್ತದೆ, ಒಂದೆರಡು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಎಲ್ಲ ಸರಿ ಹೋದರೆ 2ರಿಂದ 4 ದಿನದಲ್ಲಿ ಮನೆಗೆ.

ಡಿಸ್ಚಾರ್ಜ್ ಆಗುವಾಗ ಸಮ್ಮರಿಯನ್ನು ಅಲ್ಲೇ ನಿಂತು ಓದಿಸಿಕೊಳ್ಳಿ. ಮಾತ್ರೆಗಳ ಪಟ್ಟಿಗಿಂತ ಮೇಲೆ, ಚಿಕ್ಕ ಅಕ್ಷರದಲ್ಲಿ "ಡಿಜೆ ಸ್ಟೆಂಟ್ ಇನ್ ಸಿಟು" ಅಂತ ಇರಬಹುದು. ಸ್ಟೆಂಟ್ ಒಳಗೇ ಇದೆ ಅಂತ ಅದರರ್ಥ. ಅದರ ಪಕ್ಕದಲ್ಲಿ ತೆಗೆಸುವ ತಾರೀಕು ಬರೆದಿಲ್ಲದಿದ್ದರೆ ಬರೆಸಿಕೊಂಡೇ ಹೊರಡಿ.

ಹೆಜ್ಜೆ 7: ಮನೆಯಲ್ಲಿ ಮೊದಲ ತಿಂಗಳು

ಮಾರನೇ ದಿನದಿಂದಲೇ ಮನೆಯೊಳಗೆ ಓಡಾಡಿ. ಕೂತು ಮಾಡುವ ಕೆಲಸಕ್ಕೆ 1–2 ವಾರದಲ್ಲಿ ಹೋಗಬಹುದು. ನೀರಿನ ಕೊಡ, ಸಿಲಿಂಡರ್, ಗೊಬ್ಬರದ ಮೂಟೆ ಎತ್ತುವುದು ಸುಮಾರು 4 ವಾರ ಬೇಡ. ಹಳ್ಳದ ರಸ್ತೆಯಲ್ಲಿ ಬೈಕ್ ಓಡಿಸುವುದನ್ನೂ ಮುಂದಕ್ಕೆ ಹಾಕಿ.

ಈ ಲಕ್ಷಣ ಕಂಡರೆ ನಾಳೆ ನೋಡೋಣ ಅನ್ನಬೇಡಿ: 100.4 ಡಿಗ್ರಿ ದಾಟಿದ ಜ್ವರ ಅಥವಾ ನಡುಕ, ಮೂತ್ರದಲ್ಲಿ ರಕ್ತದ ಗಡ್ಡೆ, ಮೂತ್ರ ಕಟ್ಟಿಕೊಳ್ಳುವುದು, ಉಸಿರಾಟಕ್ಕೆ ಕಷ್ಟ. ಕೆಲವರಿಗೆ ಎಲ್ಲ ಚೆನ್ನಾಗಿದ್ದು, ಒಂದೆರಡು ವಾರ ಆದ ಮೇಲೆ ಇದ್ದಕ್ಕಿದ್ದ ಹಾಗೆ ಜೋರಾಗಿ ರಕ್ತ ಹೋಗಲು ಶುರುವಾಗುತ್ತದೆ. ಒಳಗೆ ಗಾಯವಾದ ರಕ್ತನಾಳ ಉಬ್ಬಿಕೊಂಡು ಒಡೆದಾಗ ಹೀಗಾಗುತ್ತದೆ. ಅಪರೂಪ, ಆದರೆ ಜೀವಕ್ಕೆ ಅಪಾಯ. ಆಂಜಿಯೋಗ್ರಫಿ ಮಾಡಿ ಆ ನಾಳವನ್ನು ಮುಚ್ಚುವ ಸೌಲಭ್ಯ ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ನಿಮ್ಮ ಊರಿನ ಹತ್ತಿರ ಅದು ಎಲ್ಲಿದೆ ಅಂತ ಡಿಸ್ಚಾರ್ಜ್ ದಿನವೇ ಕೇಳಿಟ್ಟುಕೊಳ್ಳಿ. ದುಬೈ, ಮಸ್ಕತ್ ಕಡೆಯಿಂದ ರಜೆಗೆ ಬಂದು ಆಪರೇಷನ್ ಮಾಡಿಸಿಕೊಳ್ಳುವವರು ಕನಿಷ್ಠ ಈ ಕೆಲವು ವಾರ ಊರಲ್ಲೇ ಇರುವ ಹಾಗೆ ಟಿಕೆಟ್ ಮಾಡಿಸಿ.

ಹೆಜ್ಜೆ 8: ಸ್ಟೆಂಟ್ ತೆಗೆಸಿ

ಡಿಜೆ ಸ್ಟೆಂಟ್ ಅಂದರೆ ಸುಮಾರು 24–26 ಸೆಂ.ಮೀ. ಉದ್ದದ ಮೆತ್ತನೆಯ ತೆಳು ಕೊಳವೆ. ಎರಡು ತುದಿಯೂ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ. ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ. ಊತದಿಂದ ಮೂತ್ರನಾಳ ಮುಚ್ಚಿಕೊಳ್ಳದಿರಲಿ ಅಂತ ಇಡುತ್ತಾರೆ. ಅದು ಇರುವಷ್ಟು ದಿನ ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುವುದು, ಮೂತ್ರ ಮಾಡುವಾಗ ಸೊಂಟದ ಕಡೆ ಎಳೆದ ಹಾಗೆ ನೋವು, ಜಾಸ್ತಿ ನಡೆದ ದಿನ ಸ್ವಲ್ಪ ರಕ್ತ, ಇವೆಲ್ಲ ಇರುತ್ತವೆ. ಸಹಿಸಿಕೊಂಡು ಕೂರಬೇಕಿಲ್ಲ, ಟ್ಯಾಮ್ಸುಲೋಸಿನ್ ಥರದ ಮಾತ್ರೆಯಿಂದ ಕಡಿಮೆಯಾಗುತ್ತದೆ. ಡಾಕ್ಟರಿಗೆ ಹೇಳಿ.

ಕಷ್ಟ ಇರುವುದು, ಏನೂ ತೊಂದರೆ ಕೊಡದ ಸ್ಟೆಂಟಿನಲ್ಲಿ. ನೋವಿಲ್ಲ, ಕಲ್ಲು ಹೋಯಿತು, ಹೊಲದ ಕೆಲಸ ಬಂತು, ಮಗಳ ಮದುವೆ ಬಂತು ಅಂತ ಮರೆತುಬಿಡುತ್ತಾರೆ. ತಿಂಗಳುಗಳು ಕಳೆದ ಹಾಗೆ ಸ್ಟೆಂಟಿನ ಸುತ್ತಲೇ ಹೊಸ ಕಲ್ಲು ಕಟ್ಟುತ್ತದೆ. ವರ್ಷಗಟ್ಟಲೆ ಬಿಟ್ಟರೆ ಅದು ತುಂಡಾಗಬಹುದು, ಕಿಡ್ನಿಯನ್ನೇ ತೆಗೆಯುವ ಪರಿಸ್ಥಿತಿ ಬರಬಹುದು. ಇಷ್ಟಕ್ಕೂ ಸಮಯಕ್ಕೆ ತೆಗೆಸುವುದು ಎಷ್ಟು ಹೊತ್ತಿನ ಕೆಲಸ? ಮರಗಟ್ಟಿಸುವ ಜೆಲ್ಲಿ ಹಾಕಿ, ಮೂತ್ರದ ದಾರಿಯಿಂದ ಕೆಲವೇ ನಿಮಿಷದಲ್ಲಿ ಎಳೆದುಬಿಡುತ್ತಾರೆ. ಸಾಮಾನ್ಯವಾಗಿ 2ರಿಂದ 6 ವಾರದೊಳಗೆ. ಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಕೆಂಪು ಗುರುತು ಹಾಕಿ, ಮಕ್ಕಳ ಫೋನಿನಲ್ಲೂ ರಿಮೈಂಡರ್ ಇಡಿಸಿ. ಅಪ್ಪ ಅಮ್ಮ ಹಳ್ಳಿಯಲ್ಲಿದ್ದು ನೀವು ಬೆಂಗಳೂರಿನಲ್ಲಿದ್ದರೆ ಈ ಜವಾಬ್ದಾರಿ ನಿಮ್ಮದೇ ಅಂತ ತಿಳಿಯಿರಿ.

ಹೆಜ್ಜೆ 9: ಮತ್ತೆ ಕಟ್ಟದ ಹಾಗೆ

ತೆಗೆದ ಕಲ್ಲನ್ನು ಡಬ್ಬಿಯಲ್ಲಿ ಕೊಡುತ್ತಾರೆ. ಅದನ್ನು ನೆಂಟರಿಗೆ ತೋರಿಸಿ ಇಟ್ಟುಕೊಳ್ಳುವ ಬದಲು ಕಲ್ಲಿನ ವಿಶ್ಲೇಷಣೆಗೆ ಕಳಿಸಿ. ಯಾವ ಜಾತಿಯ ಕಲ್ಲು ಅಂತ ಗೊತ್ತಾದ ಮೇಲೆಯೇ ಪಥ್ಯಕ್ಕೆ ಅರ್ಥ ಬರುವುದು. ಕಲ್ಲು ಒಮ್ಮೆ ಆದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹತ್ತು ವರ್ಷದೊಳಗೆ ಮತ್ತೆ ಆಗುತ್ತದೆ. ಎರಡೂ ಕಿಡ್ನಿಯಲ್ಲಿ ಕಲ್ಲಿದ್ದರೆ ಅಥವಾ ಪದೇ ಪದೇ ಆಗುತ್ತಿದ್ದರೆ ರಕ್ತದ ಕ್ಯಾಲ್ಸಿಯಂ, ಯೂರಿಕ್ ಆಸಿಡ್, ಪ್ಯಾರಾಥೈರಾಯ್ಡ್ ಹಾರ್ಮೋನ್ ಮತ್ತು 24 ಗಂಟೆಯ ಮೂತ್ರದ ಪರೀಕ್ಷೆ ಬೇಕಾ ಅಂತ ಕೇಳಿ.

ದಿನಕ್ಕೆ 2.5 ಲೀಟರ್ ಮೂತ್ರ ಬರಬೇಕು. ಅದಕ್ಕೆ ಕುಡಿಯಬೇಕಾದ್ದು ಸುಮಾರು 3 ಲೀಟರ್. ರಾಯಚೂರು, ಕಲಬುರಗಿ ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಅಷ್ಟೂ ಸಾಲದು. ಹೃದಯದ ಅಥವಾ ಕಿಡ್ನಿ ವೈಫಲ್ಯದ ತೊಂದರೆ ಇದ್ದವರು ಮಾತ್ರ ಅಳತೆಯನ್ನು ಡಾಕ್ಟರಲ್ಲೇ ಕೇಳಬೇಕು. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಎಲ್ಲ ಸೇರಿ. ಹಾಲು, ಮೊಸರು, ರಾಗಿ ಬಿಡಬೇಡಿ. ಊಟದಲ್ಲಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ, ಬಿಟ್ಟರೆ ಕಲ್ಲು ಜಾಸ್ತಿಯೇ ಆಗಬಹುದು. ಟೊಮೆಟೊ ಬೀಜಕ್ಕೆ ಹೆದರಿ ಸಾರನ್ನೇ ಬಿಟ್ಟವರಿದ್ದಾರೆ, ಪಾಪ. ಟೊಮೆಟೊದಲ್ಲಿ ಆಕ್ಸಲೇಟ್ ಕಡಿಮೆ. ಆಕ್ಸಲೇಟ್ ಕಲ್ಲಿನವರು ಕಡಿಮೆ ಮಾಡಬೇಕಾದ್ದು ಪಾಲಕ್. ನಿಂಬೆಹಣ್ಣಿನ ಶರಬತ್ತು ಒಳ್ಳೆಯದು, ಉಪ್ಪು ಸಕ್ಕರೆ ಕಡಿಮೆ ಇರಲಿ.

ಸ್ಟೆಂಟ್ ತೆಗೆದ ಮೇಲೆ ಕಲ್ಲು ಪೂರ್ತಿ ಹೋಗಿದೆಯಾ, ಊತ ಇಳಿದಿದೆಯಾ ಅಂತ ಒಂದು ಸ್ಕ್ಯಾನ್ ಮಾಡಿಸಿ. ಯೂರಿಕ್ ಆಸಿಡ್ ಕಲ್ಲು ಸಾದಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಂಥವರಿಗೆ ಅಲ್ಟ್ರಾಸೌಂಡ್ ಅಥವಾ ಸಿಟಿಯೇ ಬೇಕು. ಆಮೇಲೆ ವರ್ಷಕ್ಕೊಮ್ಮೆಯಾದರೂ ಅಲ್ಟ್ರಾಸೌಂಡ್ ಇರಲಿ. ಸೋಂಕಿನ ಕಲ್ಲಾಗಿದ್ದರೆ ಜೊತೆಗೆ ಮೂತ್ರದ ಕಲ್ಚರ್ ಕೂಡ, ಎಷ್ಟು ತಿಂಗಳಿಗೊಮ್ಮೆ ಅಂತ ಡಾಕ್ಟರ್ ಹೇಳುತ್ತಾರೆ. ಹಳೆಯ ಸಿಟಿ ಫಿಲ್ಮು, ಡಿಸ್ಚಾರ್ಜ್ ಸಮ್ಮರಿ, ಕಲ್ಲಿನ ವಿಶ್ಲೇಷಣೆಯ ರಿಪೋರ್ಟು ಮೂರನ್ನೂ ಒಂದೇ ಫೈಲಿನಲ್ಲಿಡಿ, ಪ್ರತಿ ಸಲ ಆ ಫೈಲ್ ಸಮೇತ ಹೋಗಿ.